‘ವಿಮಾನ ಮುಗೀತಾ?’ ಅಂತ ಕೇಳೋರಿಗೆಲ್ಲ

ಸಿಕ್ಕಿದೋರೆಲ್ಲ ಕೇಳೋದು ಒಂದೇ, "ಏನ್ರೀ, ವಿಮಾನ ಮುಗೀತಾ?" ಮೊದಮೊದಲು ಲೆಕ್ಕ ಒಪ್ಪಿಸ್ತಿದ್ದೆ, ಬಾಲ ಆಯ್ತು, ಎಡಗಡೆ ರೆಕ್ಕೆ ಆಯ್ತು, ಬಲಗಡೇದು ಅರ್ಧ ಆಗಿದೆ ಅಂತ. ಈಗ ಅದು ಹಾರೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು, ಆದ್ರೂ ಪ್ರಶ್ನೆ ಮಾತ್ರ ಹಾಗೇ ಇದೆ. ಕೇಳೋರ ತಪ್ಪೇನಿಲ್ಲ ಬಿಡಿ, ಯಾವಾಗ ಬಂದ್ರೂ ನಾನು ಇಂಜಿನ್ ಮುಚ್ಚಳ ಬಿಚ್ಚಿ ನೆಲದ ಮೇಲಿಟ್ಟು ಕೈಯೆಲ್ಲ ಆಯಿಲ್ ಮಾಡ್ಕೊಂಡು ಕೂತಿರ್ತೀನಿ. ಉತ್ತರ ಏನಂದ್ರೆ, ಇಲ್ಲ, ಮುಗಿದಿಲ್ಲ. ಯಾಕೆ ಅಂತ ಹೇಳೋಕೆ ಸ್ವಲ್ಪ ಹೊತ್ತು ಬೇಕು.

ನಂದು ಎರಡು ಸೀಟಿನ ಅಲ್ಯೂಮಿನಿಯಂ ವಿಮಾನ, ಕಿಟ್‌ನಿಂದ ಕಟ್ಟಿದ್ದು. ಕಿಟ್ ಅಂದ ತಕ್ಷಣ ಮಕ್ಕಳ ಆಟಿಕೆ ಥರ ಪಟಪಟ ಜೋಡಿಸೋದು ಅನ್ಕೋತಾರೆ. ಪೆಟ್ಟಿಗೆ ಬಿಚ್ಚಿದ್ರೆ ಸಿಗೋದು ತೂತು ಹೊಡೆದ ತಗಡು, ರೆಕ್ಕೆಗೆ ಆಕಾರ ಕೊಡೋ ರಿಬ್ಬು, ತಗಡು ಜೋಡಿಸೋ ಮೊಳೆಯಂಥ ರಿವೆಟ್ಟು ಪೊಟ್ಟಣಗಟ್ಟಲೆ, ದಪ್ಪ ನಕ್ಷೆ ಪುಸ್ತಕ. ಅಮೆರಿಕಾದಲ್ಲಂತೂ ಅರ್ಧಕ್ಕಿಂತ ಹೆಚ್ಚು ಕೆಲಸವನ್ನ ಕಲಿಯೋಕೋ ಖುಷಿಗೋ ಮಾಡೋ ಹವ್ಯಾಸಿಗಳೇ ಮಾಡಿರಬೇಕು ಅನ್ನೋ ನಿಯಮಾನೇ ಇದೆ, 51 ಪರ್ಸೆಂಟ್ ರೂಲ್ ಅಂತಾರೆ. ಇಂಥ ವಿಮಾನಕ್ಕೆ 2000 ಗಂಟೆ ಕೆಲಸ ಅನ್ನೋದು ಸಾಮಾನ್ಯವಾಗಿ ಹೇಳೋ ಲೆಕ್ಕ, ದಿನಕ್ಕೊಂದು ಗಂಟೆ ತಪ್ಪದೆ ಮಾಡಿದ್ರೂ ಐದೂವರೆ ವರ್ಷ, ಮತ್ತೆ ತಪ್ಪದೆ ಯಾರು ಮಾಡ್ತಾರೆ ಹೇಳಿ. ರೈಟ್ ಸಹೋದರರ ಮೊದಲ ವಿಮಾನದ ಇಂಜಿನ್ನನ್ನ ಅವರ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರೇ ವಾರದಲ್ಲಿ ಮಾಡಿಕೊಟ್ಟಿದ್ದ, ನನಗೆ ಸೀಟಿನ ಬೆಲ್ಟ್ ಕೂರಿಸೋಕೇ ಆರು ವಾರ ಆಗಿತ್ತು, ಅದರ ಬಗ್ಗೆ ಹೆಚ್ಚು ಮಾತಾಡೋದು ಬೇಡ.

ಆ ಗಂಟೆಗಳೆಲ್ಲ ಎಲ್ಲಿ ಹೋಗುತ್ತೆ ಅಂದ್ರೆ ರಿವೆಟ್‌ಗೆ. ನಾನು ಹೊರಗಡೆ ನಿಂತು ಗಾಳಿ ಗನ್‌ನ ರಿವೆಟ್ ತಲೆ ಮೇಲೆ ಒತ್ತಿ ಹಿಡೀಬೇಕು, ನನ್ನ ಹೆಂಡತಿ ರೆಕ್ಕೆ ಒಳಗೆ ಮೊಣಕೈವರೆಗೂ ಕೈ ತೂರಿಸಿ ಬಕಿಂಗ್ ಬಾರ್ ಅನ್ನೋ ಉಕ್ಕಿನ ತುಂಡನ್ನ ರಿವೆಟ್ಟಿನ ಬಾಲಕ್ಕೆ ಒತ್ತಿ ಹಿಡೀಬೇಕು. ಗನ್ ಟರ್ ಅಂದಾಗ ಬಾಲ ಚಪ್ಪಟೆಯಾಗಿ ಇನ್ನೊಂದು ತಲೆ ಆಗುತ್ತೆ. ಆ ತಲೆ ಅಗಲ ರಿವೆಟ್ ದಪ್ಪದ ಒಂದೂವರೆ ಪಟ್ಟು ಇರಬೇಕು, ಎತ್ತರ ಆ ದಪ್ಪದ ಅರ್ಧ. ಇಬ್ಬರ ಕಿವಿಗೂ ಮುಚ್ಚಳ ಇರೋದ್ರಿಂದ ಮಾತು ಕೇಳಲ್ಲ, ತಟ್ಟೋದೇ ಭಾಷೆ, ಅವಳು ಒಂದು ಸಲ ತಟ್ಟಿದ್ರೆ ಇನ್ನೂ ಹೊಡಿ, ಎರಡು ಸಲ ಅಂದ್ರೆ ಸರಿಯಿದೆ, ಮೂರು ಸಲ ಅಂದ್ರೆ ಕೆಟ್ಟೋಯ್ತು. ಮೂರು ಸಲ ತಟ್ಟಿದ ಸದ್ದು ಈಗಲೂ ಕನಸಲ್ಲಿ ಬರುತ್ತೆ. ಕೆಟ್ಟಿದ್ದನ್ನ ಡ್ರಿಲ್ ಮಾಡಿ ತೆಗೀಬೇಕು, ತೆಗೆಯೋವಾಗ ಕೈ ಜಾರಿ ತೂತು ದೊಡ್ಡದಾದ್ರೆ ಮುಂದಿನ ಸೈಜಿನ ರಿವೆಟ್ ಹಾಕಬೇಕು, ಆದ್ರೆ ತೂತಿನ ನಡುವಿಂದ ತಗಡಿನ ಅಂಚಿಗೆ ರಿವೆಟ್ ದಪ್ಪದ ಎರಡು ಪಟ್ಟಾದ್ರೂ ಜಾಗ ಇರಬೇಕಲ್ಲ, ಅದಿಲ್ಲ ಅಂದ್ರೆ ಆ ಇಡೀ ಭಾಗವೇ ಗುಜರಿಗೆ. ನನ್ನ ಒಂದು ರಿಬ್ ಹಾಗೇ ಹೋಯ್ತು, ಗೋಡೆಗೆ ನೇತುಹಾಕಿದೀನಿ.

ಮೊದಲ ಹಾರಾಟದ ಕಥೆ ಎಲ್ಲರೂ ಕೇಳ್ತಾರೆ, ನಿಜ ಹೇಳಬೇಕಂದ್ರೆ ಹೆಚ್ಚೇನೂ ನೆನಪಿಲ್ಲ, ಹೊತ್ತೆಲ್ಲ ಆಯಿಲ್ ಮತ್ತು ಸಿಲಿಂಡರ್ ಟೆಂಪರೇಚರ್ ನೋಡ್ತಾನೇ ಇದ್ದೆ. ಮುಗೀತು ಅಂತ ಎಲ್ಲರೂ ಕೈ ಕುಲುಕಿದ್ದು ಅವತ್ತೇ, ನಿಜವಾದ ಕೆಲಸ ಶುರುವಾಗಿದ್ದೂ ಅವತ್ತೇ.

ಯಾಕಂದ್ರೆ ಕಟ್ಟೋವಾಗ ನಿಂತಿದ್ದ ವಸ್ತು ಈಗ ನಡುಗುತ್ತೆ, ಕಾಯುತ್ತೆ, ತಣ್ಣಗಾಗುತ್ತೆ. ಹೋಸ್ ಪೈಪು ಪಕ್ಕದ ಕಂಬಿಗೆ ಉಜ್ಜುತ್ತೆ, ಎಕ್ಸಾಸ್ಟ್ ಪೈಪು ಬಿರುಕು ಬಿಡುತ್ತೆ, ಹಾಗೆ ಬಿರುಕು ಬಿಟ್ರೆ ಕ್ಯಾಬಿನ್ ಹೀಟರ್ ಮೂಲಕ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲ ನೇರ ನಮ್ಮ ಮೂಗಿಗೆ. ಏವ್‌ಗ್ಯಾಸ್‌ಗೆ, ಅಂದ್ರೆ ಇಂಥ ವಿಮಾನದ ಪೆಟ್ರೋಲ್‌ಗೆ, ಸಾಮಾನ್ಯವಾಗಿ ನೀಲಿ ಬಣ್ಣ ಹಾಕಿರ್ತಾರೆ, ಹಾಗಾಗಿ ಜಾಯಿಂಟ್ ಕೆಳಗೆ ಒಣಗಿದ ನೀಲಿ ಕಲೆ ಕಂಡ್ರೆ ಅಲ್ಲಿ ಸೋರ್ತಿದೆ ಅಂತಾನೇ ಅರ್ಥ. ಪ್ರತಿ 50 ಗಂಟೆಗೆ ಆಯಿಲ್ ಬದಲಾಯಿಸ್ತೀನಿ, ಹಳೇ ಫಿಲ್ಟರ್ ಕತ್ತರಿಸಿ ಒಳಗಿನ ಮಡಿಕೆ ಕಾಗದ ಬಿಡಿಸಿ ಬಿಸಿಲಲ್ಲಿ ಹಿಡಿದು ನೋಡ್ತೀನಿ, ಲೋಹದ ಪುಡಿ ಮಿನುಗಿದ್ರೆ ಇಂಜಿನ್ ಒಳಗೆ ಏನೋ ಸವೀತಿದೆ.

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಕಂಪ್ರೆಷನ್ ಟೆಸ್ಟ್. ಇಂಜಿನ್ ಬಿಸಿ ಇರೋವಾಗ ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿಂದ ಸಿಲಿಂಡರಿಗೆ 80 ಪಿಎಸ್‌ಐ ಒತ್ತಡದಲ್ಲಿ ಗಾಳಿ ಕೊಡೋದು, ಎಷ್ಟು ಒಳಗೆ ನಿಲ್ಲುತ್ತೆ ಅಂತ ಇನ್ನೊಂದು ಮೀಟರಲ್ಲಿ ನೋಡೋದು. 70ರ ಮೇಲಿದ್ರೆ ನೆಮ್ಮದಿ, 60ರ ಕೆಳಗೆ ಹೋದ್ರೆ ಹುಡುಕಾಟ. ಒಬ್ಬರು ಪ್ರೊಪೆಲ್ಲರ್ ಗಟ್ಟಿಯಾಗಿ ಹಿಡಿದಿರಲೇಬೇಕು, ಗಾಳಿ ಪಿಸ್ಟನ್ ತಳ್ಳಿದ್ರೆ ಅದು ತಿರುಗಿ ಹೊಡೆಯುತ್ತೆ. ಆಮೇಲೆ ಕಿವಿ ಕೊಟ್ಟು ಕೇಳೋದು. ಸುಸ್ ಅನ್ನೋ ಸದ್ದು ಎಕ್ಸಾಸ್ಟ್ ಪೈಪಲ್ಲಿ ಬಂದ್ರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರ್ ಕಡೆ ಬಂದ್ರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕೋ ಬಾಯಲ್ಲಿ ಬಂದ್ರೆ ಪಿಸ್ಟನ್ ರಿಂಗು.

ಒಂದು ನನ್ನದೇ ತಪ್ಪು ಹೇಳಿಬಿಡ್ತೀನಿ. ನಟ್ಟನ್ನ ಟಾರ್ಕ್ ರೆಂಚಲ್ಲಿ, ಅಂದ್ರೆ ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರಲ್ಲಿ, ಬಿಗಿ ಮಾಡಿದ ಮೇಲೆ ಅದರ ಮೇಲೆ ಬಣ್ಣದ ಗೆರೆ ಎಳೀತೀವಿ, ನಟ್ಟು ಅಲ್ಲಾಡಿದ್ರೆ ಗೆರೆ ಒಡೆಯುತ್ತೆ. ಎರಡನೇ ವರ್ಷದ ತಪಾಸಣೇಲಿ ಬಾಲದ ಕಡೆ ಒಂದು ನಟ್ಟಿಗೆ ಗೆರೆನೇ ಇರಲಿಲ್ಲ. ಒಡೆದಿದ್ದಲ್ಲ, ಎಳೆದೇ ಇರಲಿಲ್ಲ. ಕೈಯಲ್ಲೇ ತಿರುಗ್ತು. ಕಟ್ಟೋವಾಗ ಯಾವುದೋ ಫೋನ್ ಬಂದಿರಬೇಕು, ಎದ್ದು ಹೋಗಿರಬೇಕು. ಅದೇ ವಿಮಾನದಲ್ಲಿ ನಾನು ಅಷ್ಟೂ ಗಂಟೆ ಹಾರಿದ್ದೆ, ಪಕ್ಕದ ಸೀಟಲ್ಲಿ ಹೆಂಡತೀನೂ ಇದ್ಳು. ಅವತ್ತಿಂದ ಕೆಲಸದ ಮಧ್ಯೆ ಎದ್ರೆ ಆ ಜಾಗಕ್ಕೆ ಕೆಂಪು ಪಟ್ಟಿ ಕಟ್ಟಿ ಏಳೋದು, ವಾಪಸ್ ಬಂದು ಆ ಹಂತ ಮೊದಲಿಂದ ಮಾಡೋದು.

ಕೆಲವರು ಹೇಳ್ತಾರೆ, ಕಟ್ಟಿದ್ದು ಸಾಕು, ಇನ್ಮೇಲೆ ಮೆಕ್ಯಾನಿಕ್‌ಗೆ ಕೊಟ್ಟು ನೀನು ಹಾರು ಅಂತ. ಕೊಡಬಹುದು. ಆದ್ರೆ ಆ ಗೆರೆ ಇಲ್ಲದ ನಟ್ಟಿನ ಹಿಂದೆ ಏನಿದೆ, ಯಾವ ವೈರು ಯಾವ ತಗಡಿನ ಹಿಂದೆ ಓಡಿದೆ, ಎಲ್ಲಿ ನಾನು ಸೋಮಾರಿತನ ಮಾಡಿದ್ದೆ ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ. ಅಮೆರಿಕಾದಲ್ಲಿ ಕಟ್ಟಿದವರಿಗೇ ಆ ಒಂದು ವಿಮಾನದ ವಾರ್ಷಿಕ ತಪಾಸಣೆ ಮಾಡೋ ಸರ್ಟಿಫಿಕೇಟ್ ಸಿಗುತ್ತೆ, ವಿಮಾನ ಮಾರಿದ್ರೆ ಆ ಹಕ್ಕು ಕೊಂಡವರಿಗೆ ಹೋಗಲ್ಲ. ಇದು ನನಗೆ ತುಂಬ ಸರಿ ಅನ್ಸುತ್ತೆ.

ಸದ್ಯಕ್ಕೆ ಕಂಪ್ರೆಷನ್ ಟೆಸ್ಟಲ್ಲಿ ಮೂರನೇ ಸಿಲಿಂಡರ್ 66 ತೋರಿಸ್ತಿದೆ, ಹೋದ ವರ್ಷ 74 ಇತ್ತು, ಸದ್ದು ಎಕ್ಸಾಸ್ಟ್ ಕಡೆಯಿಂದ. ಫಿಲ್ಟರ್ ಬಿಚ್ಚಿ ಆಯಿಲ್ ಸೋರಲಿ ಅಂತ ತಲೆಕೆಳಗೆ ಇಟ್ಟಿದೀನಿ, ನಾಳೆ ಬೆಳಗ್ಗೆ ಕತ್ತರಿಸ್ತೀನಿ.