ದರಕಿನ ಕಾಲ, ಮಂಗನ ಕಾಯಿಲೆ ಮತ್ತು ನನ್ನ ಕೆಲಸ

ಎಂಬಿಬಿಎಸ್ ಆದಮೇಲೆ ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂಡಿ ಮಾಡ್ತೀನಿ ಅಂದಾಗ ಮನೆಯವರಿಗೆ ಅಷ್ಟೇನೂ ಸಮಾಧಾನ ಆಗಲಿಲ್ಲ. ಸ್ವಂತ ಕ್ಲಿನಿಕ್ ಇಡುವ ಡಾಕ್ಟರ್ ಬೇಕಿತ್ತು ಅವರಿಗೆ. ನನಗೆ ಕಾಯಿಲೆ ಎಲ್ಲಿಂದ ಶುರುವಾಗುತ್ತದೆ ಅನ್ನೋದರ ಮೇಲೇ ಕಣ್ಣು. ಮೆಡಿಕಲ್ ಕಾಲೇಜಿಗೆ ಸೇರಿದೆ, ಪಾಠ ಮಾಡುತ್ತ ಮಾಡುತ್ತ ಪ್ರೊಫೆಸರ್ ಆದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಮಂಗನ ಕಾಯಿಲೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಇದರ ವೈರಸ್ ಪತ್ತೆಯಾಯಿತು. ಹೆಸರು ಮಂಗನದ್ದಾದರೂ ನಮಗೆ ಅಂಟಿಸುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣಿ. ಅದರಲ್ಲೂ ಮರಿ ಉಣುಗು ತೀರಾ ಸಣ್ಣದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಡಿಸೆಂಬರ್‌ನಿಂದ ಮೇ ತನಕ ಇದರ ಕಾಟ ಜಾಸ್ತಿ.

ಮಲೆನಾಡಿನಲ್ಲಿ ದರಕು, ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ, ಗುಡಿಸುವುದೂ ಬೇಸಿಗೆಯಲ್ಲೇ ಅಲ್ವಾ? ಕೊಟ್ಟಿಗೆಗೆ ಹಾಸೋಕೆ ಒಣಗಿದ ಎಲೆ ಬೇಕು, ಅದೇ ಗೊಬ್ಬರವಾಗಿ ತೋಟಕ್ಕೆ ಹೋಗಬೇಕು. 'ಕಾಡಿಗೆ ಹೋಗಬೇಡಿ' ಅಂದರೆ ಯಾರ ಮನೆಯೂ ನಡೆಯುವುದಿಲ್ಲ. ಹಾಗಾಗಿ ನನ್ನ ಸಂಶೋಧನೆಯ ಪ್ರಶ್ನೆಗಳು ಬಹಳ ಸರಳ. ದರಕು ಗುಡಿಸುವವರು ಯಾರು? ಎಷ್ಟು ಹೊತ್ತಿಗೆ ಹೋಗುತ್ತಾರೆ? ಮನೆಗೆ ಬಂದವರು ಮೊದಲು ಏನು ಮಾಡುತ್ತಾರೆ?

ಉಣುಗು ಹತ್ತಿರ ಬಾರದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದು ಬಿಸಿನೀರಿನ ಸ್ನಾನ ಮಾಡಿ ಅನ್ನೋದು ಊರಿನಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಸಾಗರದ ಕಡೆ ಒಬ್ಬರು ಅಮ್ಮ ಕೇಳಿದರು, "ಎಣ್ಣೆ ಕೈಯಲ್ಲಿ ಹಾಲು ಕರೆಯೋದು ಹೆಂಗೆ ಮೇಡಂ?" ಕರಪತ್ರದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಅವರ ಜಗಲಿಯಲ್ಲೇ ಕೂತು ದಿನದ ಕೆಲಸ ಜೋಡಿಸಿದೆವು. ಮೊದಲು ಹಾಲು ಕರೆಯುವುದು, ಆಮೇಲೆ ಎಣ್ಣೆ, ಆಮೇಲೆ ಕಾಡು. ವಾಪಸ್ ಬಂದರೆ ಅಡುಗೆಮನೆಗೆ ಕಾಲಿಡುವ ಮೊದಲೇ ಬಚ್ಚಲು, ಬಟ್ಟೆಯೂ ಬಿಸಿನೀರಿಗೆ. ವಿದ್ಯಾರ್ಥಿಗಳಿಗೆ ನಾನು ಕಲಿಸಬೇಕು ಅಂದುಕೊಂಡಿರುವ ಆರೋಗ್ಯ ಶಿಕ್ಷಣ ಇದೇ. ಭಾಷಣ ಯಾರು ಬೇಕಾದರೂ ಮಾಡುತ್ತಾರೆ.

ಹಳೆಯ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ಅದರಿಂದ ಹೆಚ್ಚು ಪ್ರಯೋಜನ ಕಾಣಲಿಲ್ಲವೆಂದು 2022ರಲ್ಲಿ ನಿಲ್ಲಿಸಿದರು. ಹೊಸದು ಕೈಗೆ ಬರುವ ತನಕ ಈ ಎಣ್ಣೆ, ಈ ಎಚ್ಚರವೇ ನಮಗೆ ಆಧಾರ.

ಈಗ ನನ್ನ ಎಂಡಿ ವಿದ್ಯಾರ್ಥಿನಿಯೊಬ್ಬಳು ಕೂಲಿಗೆ ದರಕು ಗುಡಿಸುವ ಹೆಂಗಸರ ಬಗ್ಗೆ ಪ್ರಬಂಧ ಬರೆಯುತ್ತಿದ್ದಾಳೆ. ಇವರು ಬೇರೆ ಊರಿಂದ ಬಂದವರಾದರೆ ಎಣ್ಣೆ ಬಾಟಲಿ ಕೊಡಬೇಕಾದವರು ಯಾರು? ತೋಟದ ಯಜಮಾನರಾ, ಇಲ್ಲಿಯ ಆಶಾ ಕಾರ್ಯಕರ್ತೆಯಾ, ಅವರೂರಿನ ಆಶಾನಾ? ನಿಮ್ಮೂರಲ್ಲಿ ಹೇಗೆ ನಡೆಯುತ್ತಿದೆ, ತಿಳಿಸಿ. ಅವಳ ಕೆಲಸಕ್ಕೆ ಬೇಕು.