ಟೆಂಪರೇಚರ್ ಮುಳ್ಳಿನ ಹಿಂದೆ ಮೂರು ಭಾನುವಾರ

ನನ್ನ ಹಳೇ ಕಾರಿನ ಟೆಂಪರೇಚರ್ ಗೇಜಿನ ಮುಳ್ಳು ಇದ್ದಕ್ಕಿದ್ದಂತೆ ಎಚ್, ಅಂದರೆ ಬಿಸಿ ಅನ್ನುವ ಕಡೆಗೆ ವಾಲತೊಡಗಿತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ರೇಡಿಯೇಟರ್ ತೊಳೆದೆ, ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಬದಲಿಸಿದೆ, ಇಂಜಿನ್ ತಣಿಸುವ ಹೊಸ ಕೂಲಂಟ್ ಹಾಕಿದೆ, ಫ್ಯಾನ್ ಬೆಲ್ಟ್ ಬಿಗಿ ಮಾಡಿದೆ. ಮೂರು ಭಾನುವಾರ ಕಳೆದವು, ಮುಳ್ಳು ಅಲ್ಲಿಂದ ಕದಲಲಿಲ್ಲ. ವಿಚಿತ್ರ ಅಂದರೆ ಇಂಜಿನ್ನು ಕುದಿಯುತ್ತಲೇ ಇರಲಿಲ್ಲ. ಹಬೆ ಇಲ್ಲ, ವಾಸನೆ ಇಲ್ಲ, ನೀರೂ ಕಡಿಮೆಯಾಗಿಲ್ಲ.

ಸುಳಿವು ಪಕ್ಕದಲ್ಲೇ ಇತ್ತು, ನಾನು ನೋಡಿರಲಿಲ್ಲ ಅಷ್ಟೇ. ಎರಡು ತಾಸು ಓಡಿಸಿದ ಮೇಲೂ ಪೆಟ್ರೋಲ್ ಗೇಜು ಟ್ಯಾಂಕ್ ತುಂಬಿದೆ ಅಂತ ತೋರಿಸುತ್ತಿತ್ತು! ಎರಡು ಗೇಜುಗಳು ಒಟ್ಟಿಗೆ ಸುಳ್ಳು ಹೇಳಿದರೆ ತಪ್ಪು ಎರಡಕ್ಕೂ ಸೇರಿದ ಜಾಗದಲ್ಲಿ ಇರಬೇಕು, ಅಲ್ವಾ?

ಆ ಜಾಗ ವೋಲ್ಟೇಜ್ ಸ್ಟೆಬಿಲೈಜರ್. ಆ ಕಾಲದ ಎಷ್ಟೋ ಕಾರುಗಳಲ್ಲಿ ಈ ಗೇಜುಗಳು ನೇರವಾಗಿ ಬ್ಯಾಟರಿಯಿಂದ ನಡೆಯುವುದಿಲ್ಲ. ಡ್ಯಾಶ್‌ಬೋರ್ಡ್ ಹಿಂದೆ ಒಂದು ಸಣ್ಣ ಡಬ್ಬಿ ಇರುತ್ತದೆ, ಅದರೊಳಗಿನ ಬೈಮೆಟಲ್ ಪಟ್ಟಿ (ಎರಡು ಲೋಹ ಸೇರಿಸಿ ಮಾಡಿದ್ದು) ಬಿಸಿಯಾಗಿ ಬಾಗುತ್ತ, ತಣ್ಣಗಾಗಿ ಮತ್ತೆ ಅಂಟುತ್ತ, ಕರೆಂಟನ್ನು ಕಡಿದು ಕಡಿದು ಬಿಡುತ್ತದೆ. ಸರಾಸರಿ ಲೆಕ್ಕದಲ್ಲಿ ಗೇಜಿಗೆ ಸಿಗುವುದು ಸುಮಾರು 10 ವೋಲ್ಟ್. ಪಟ್ಟಿ ಬಿಸಿಯಾಗಬೇಕಾದರೆ ಡಬ್ಬಿಗೆ ಒಳ್ಳೆಯ ಅರ್ಥಿಂಗ್ ಬೇಕು, ಅಂದರೆ ಕಾರಿನ ಲೋಹದ ಮೈಗೆ ಗಟ್ಟಿ ಸಂಪರ್ಕ. ನನ್ನದರಲ್ಲಿ ಆ ಸಂಪರ್ಕ ಕೊಡುವ ಸ್ಕ್ರೂ ತುಕ್ಕು ಹಿಡಿದಿತ್ತು. ಪಟ್ಟಿ ಬಿಸಿಯಾಗದೆ ಅಂಟಿಕೊಂಡೇ ಕೂತು, ಇಂಜಿನ್ ಓಡುವಾಗಿನ 14 ವೋಲ್ಟ್ ಪೂರ್ತಿ ಗೇಜಿಗೆ ಹೋಗುತ್ತಿತ್ತು. ಗೇಜಿನೊಳಗಿರುವುದೂ ಬಿಸಿಯಾಗುವ ಪಟ್ಟಿಯೇ, ಮತ್ತು ಬಿಸಿ ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ಹಾಗಾಗಿ 10ರ ಜಾಗದಲ್ಲಿ 14 ಬಂದರೆ ಹೆಚ್ಚುಕಡಿಮೆ ಎರಡು ಪಟ್ಟು ಬಿಸಿ. ಹೆಡ್‌ಲೈಟ್ ಹಾಕಿ ವೋಲ್ಟೇಜ್ ತುಸು ಕುಸಿದಾಗಲೆಲ್ಲ ಮುಳ್ಳು ಸ್ವಲ್ಪ ಇಳಿಯುತ್ತಿದ್ದುದು ಯಾಕೆ ಅಂತ ಆಗ ತಿಳಿಯಿತು.

ಸ್ಕ್ರೂ ಕೂರುವ ಜಾಗವನ್ನು ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿದೆ, ಪೆಟ್ರೋಲ್ ಮುಳ್ಳು ನಿಜ ಹೇಳಿತು. ಡಬ್ಬಿಯೇ ಸತ್ತಿದ್ದರೆ ಒಳಗೆ 10 ವೋಲ್ಟ್ ಸ್ಥಿರವಾಗಿ ಕೊಡುವ 7810 ರೆಗ್ಯುಲೇಟರ್ ಐಸಿ ಕೂರಿಸುವವರಿದ್ದಾರೆ, ಅಗ್ಗದ ಒಳ್ಳೆಯ ಉಪಾಯ. ಆದರೆ ಅದು ನೆಗೆಟಿವ್ ಅರ್ಥಿಂಗ್ ಇರುವ, ಅಂದರೆ ಬ್ಯಾಟರಿಯ ನೆಗೆಟಿವ್ ತುದಿ ಕಾರಿನ ಮೈಗೆ ಜೋಡಿಸಿರುವ ಕಾರಿಗೆ ಮಾತ್ರ. ಪಾಸಿಟಿವ್ ಅರ್ಥಿಂಗ್ ಕಾರಿಗೆ ಹಾಗೇ ಹಾಕಲು ಹೋಗಬೇಡಿ.

ಇಷ್ಟಾದರೂ ಟೆಂಪರೇಚರ್ ಮುಳ್ಳು ಇನ್ನೂ ಸ್ವಲ್ಪ ಮೇಲೇ ನಿಲ್ಲುತ್ತಿತ್ತು. ಹೊಸ ಥರ್ಮೋಸ್ಟಾಟ್ ಮೇಲೆ 82 ಡಿಗ್ರಿ ಅಂತ ಅಚ್ಚಾಗಿದೆ, ಅದು ತೆರೆಯತೊಡಗುವ ಬಿಸಿ, ಹಾಗಿದ್ದರೆ ನಿಜವಾದ ಬಿಸಿ ಎಷ್ಟು? ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ಥರ್ಮೋಸ್ಟಾಟ್ ಕವಚಕ್ಕೆ ಹಿಡಿದೆ, ತೀರಾ ಕಡಿಮೆ ತೋರಿಸಿತು. ಇದರಲ್ಲೂ ಒಂದು ಮೋಸ ಇದೆ, ಹೊಳೆಯುವ ಲೋಹದ ಮೇಲೆ ಆ ಯಂತ್ರ ಸರಿಯಾಗಿ ಓದುವುದಿಲ್ಲ. ಒಂದು ಚೂರು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಗುರಿಯಿಟ್ಟ ಮೇಲೆ 80ರ ಆಸುಪಾಸು ಬಂತು. ಹೊರಮೈ ಒಳಗಿನ ನೀರಿಗಿಂತ ತುಸು ತಣ್ಣಗಿರುತ್ತದೆ, ಅಂದರೆ ಇಂಜಿನ್ ಸರಿಯಾಗೇ ಇತ್ತು.

ಉಳಿದದ್ದು ಸೆಂಡರ್, ಇಂಜಿನ್ನಿನಲ್ಲಿ ಕೂತು ನೀರಿನ ಬಿಸಿಯನ್ನು ಗೇಜಿಗೆ ತಿಳಿಸುವ ಪುಟ್ಟ ಭಾಗ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಅದನ್ನು ಬಿಚ್ಚಿ, ತುದಿಯನ್ನು ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಮೈಗೊಂದು ಟರ್ಮಿನಲ್ಲಿಗೊಂದು ಮಲ್ಟಿಮೀಟರ್ ತಂತಿ ಹಿಡಿದು ಕಾಯಿಸುತ್ತ ಹೋದೆ. ನೀರು ಬಿಸಿಯಾದಂತೆ ಓಮ್ (ಕರೆಂಟಿಗಿರುವ ತಡೆಯ ಅಳತೆ) ಇಳಿಯಬೇಕು. ತಣ್ಣೀರಲ್ಲಿ ಕೆಲವು ನೂರು ಇದ್ದದ್ದು ಕುದಿಯುವಾಗ ಕೆಲವು ಹತ್ತುಗಳಿಗೆ ಬರುತ್ತದೆ. ಎತ್ತರದ ಜಾಗದಲ್ಲಿ ಇರುವವರು ನೆನಪಿಡಿ, ಸುಮಾರು 300 ಮೀಟರ್ ಏರಿದರೆ ನೀರು ಒಂದು ಡಿಗ್ರಿ ಮೊದಲೇ ಕುದಿಯುತ್ತದೆ, 100 ಅಂತ ಕಣ್ಣುಮುಚ್ಚಿ ಬರೆದುಕೊಳ್ಳಬೇಡಿ. ನನ್ನ ಸೆಂಡರ್ ಓಮ್ ಇಳಿಸುತ್ತಿತ್ತು, ಆದರೆ ಜಾಸ್ತಿ ಇಳಿಸುತ್ತಿತ್ತು, ಅದಕ್ಕೇ ಮುಳ್ಳು ಮೇಲೆ ನಿಲ್ಲುತ್ತಿತ್ತು. ಹಿಂದಿನ ಮಾಲೀಕರು ಯಾವುದೋ ಬೇರೆ ಕಾರಿನದನ್ನು ಥ್ರೆಡ್ ಕೂತಿತು ಅಂತ ಸುಮ್ನೆ ತಿರುಗಿಸಿಬಿಟ್ಟಿದ್ದರು. ಥ್ರೆಡ್ ಕೂತರೆ ಸಾಲದು, ಗೇಜಿಗೂ ಸೆಂಡರಿಗೂ ಜೋಡಿ ಸರಿಯಿರಬೇಕು.

ಸರಿಯಾದದ್ದನ್ನು ಹಾಕುವಾಗ ಸೋರಬಾರದು ಅಂತ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದೆ. ಮುಳ್ಳು ಸಿ, ಅಂದರೆ ತಣ್ಣಗೆ ಅನ್ನುವ ಗುರುತು ಬಿಟ್ಟು ಏಳಲೇ ಇಲ್ಲ! ಸೆಂಡರಿಗೆ ಅರ್ಥಿಂಗ್ ಸಿಗುವುದು ಥ್ರೆಡ್ಡಿನಿಂದಲೇ, ನಾನೇ ಅದಕ್ಕೆ ಅಂಗಿ ತೊಡಿಸಿದ್ದೆ. ಬಿಚ್ಚಿ ಟೇಪ್ ಕಿತ್ತು ಮತ್ತೆ ಹಾಕಿದೆ. ಕೂಲಂಟ್ ಕಡಿಮೆಯಾಗಿ ಸೆಂಡರ್ ಗಾಳಿಯಲ್ಲಿ ನಿಂತರೂ ಮುಳ್ಳು ಹೀಗೇ ಕೆಳಗೆ ಉಳಿಯಬಹುದು, ಅದು ನಿಜವಾಗಿ ಅಪಾಯ. ಇಂಜಿನ್ ಸುಡುತ್ತಿರುತ್ತದೆ, ಗೇಜು ತಣ್ಣಗಿದೆ ಅನ್ನುತ್ತದೆ.

ವೈರಿನ ಬದಲು ಸಪೂರ ತಾಮ್ರದ ನಳಿಗೆ ಇರುವ ಗೇಜಾದರೆ ಈ ಯಾವ ಕಥೆಯೂ ಇಲ್ಲ, ಕರೆಂಟೇ ಬೇಡ. ಆದರೆ ಆ ನಳಿಗೆಯನ್ನು ಮಡಚಬೇಡಿ, ಕತ್ತರಿಸಬೇಡಿ. ಒಳಗಿನ ಈಥರ್ (ಬೇಗ ಆವಿಯಾಗುವ ದ್ರವ) ಹೋಯಿತೆಂದರೆ ಮುಳ್ಳು ಸತ್ತಂತೆ.

ಈಗ 82ಕ್ಕೆ ಮುಳ್ಳು ನಡುಗೆರೆಗಿಂತ ಒಂದು ಕೂದಲೆಳೆ ಎಡಕ್ಕೆ ನಿಲ್ಲುತ್ತದೆ. ಕಾರು ಬೇರೆ ಯಾರಾದರೂ ಓಡಿಸಿದರೆ ಗೊತ್ತಾಗಲಿ ಅಂತ ಒಂದು ಚೀಟಿಯಲ್ಲಿ ಚಿತ್ರ ಬರೆದು ಗ್ಲೋವ್ ಬಾಕ್ಸ್ ಮುಚ್ಚಳದ ಒಳಗೆ ಅಂಟಿಸಿದ್ದೇನೆ.