ಮನೆಯೊಳಗಿನ ಕೂಲಿಯಾಳು

6 ಅಕ್ಟೋಬರ್ 2024, ಭಾನುವಾರ ರಾತ್ರಿ

ಶುಕ್ರವಾರ ಸಂಜೆ ಕಚೇರಿಯಲ್ಲಿ ಬಡ್ತಿಯ ಪಟ್ಟಿ ಹೊರಬಿತ್ತು. ಅದರಲ್ಲಿ ನನ್ನ ಹೆಸರಿರಲಿಲ್ಲ. ಆ ಸಂಗತಿಯನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ನಿನ್ನೆ ಊಟದ ಹೊತ್ತಿನಲ್ಲಿ ಮಗಳು ಯಾವುದೋ ಸಣ್ಣ ವಿಷಯಕ್ಕೆ ಎದುರುತ್ತರ ಕೊಟ್ಟಾಗ, "ಇಷ್ಟು ವರ್ಷ ನಿಮಗೋಸ್ಕರ ದುಡಿದಿದ್ದೇನೆ, ಒಬ್ಬರಿಗಾದರೂ ಅದರ ಅರಿವಿದೆಯೇ?" ಎಂದುಬಿಟ್ಟೆ. ಹೆಂಡತಿ ಏನೂ ಹೇಳದೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಇಂದು ಚರ್ಚಿನ ಆರಾಧನೆಗೆ ಹೊರಡುವ ಮೊದಲು ಬೈಬಲಿನಲ್ಲಿ ಲೂಕನ ಸುವಾರ್ತೆಯ 15ನೆಯ ಅಧ್ಯಾಯವನ್ನು ತೆರೆದೆ. ಅಲ್ಲಿ ಯೇಸು ಹೇಳುವ ತಪ್ಪಿಹೋದ ಮಗನ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಚಿಕ್ಕಂದಿನಿಂದ ಕೇಳಿದ್ದೇನೆ. ಕಿರಿಯ ಮಗ ತನ್ನ ಪಾಲಿನ ಆಸ್ತಿಯನ್ನು ದೂರದೇಶದಲ್ಲಿ ಹಾಳುಮಾಡಿ ಹಿಂತಿರುಗಿದಾಗ ತಂದೆ ಔತಣ ಮಾಡಿಸುತ್ತಾನೆ, ಮನೆಯಲ್ಲೇ ಉಳಿದಿದ್ದ ಹಿರಿಯ ಮಗ ಅದಕ್ಕೆ ಸಿಟ್ಟಾಗುತ್ತಾನೆ. ಸಂಡೇ ಸ್ಕೂಲಿನ ನಾಟಕದಲ್ಲಿ ಹಿರಿಯ ಮಗನ ಪಾತ್ರ ನನಗೇ ಸಿಕ್ಕಿತ್ತೆಂಬುದನ್ನು ನೆನೆದರೆ ಈಗ ನಗು ಬರುತ್ತದೆ. 29ನೆಯ ವಚನದಲ್ಲಿ ಅವನು ತಂದೆಯ ಮುಂದೆ ತನ್ನ ಲೆಕ್ಕವನ್ನು ಒಪ್ಪಿಸುತ್ತಾನೆ: ಇಷ್ಟು ವರ್ಷ ನಿನ್ನ ಸೇವೆ ಮಾಡಿದೆ, ಒಂದಪ್ಪಣೆಯನ್ನೂ ಮೀರಲಿಲ್ಲ, ಒಂದು ಆಡಿನ ಮರಿಯನ್ನಾದರೂ ನನಗೆ ಕೊಟ್ಟೆಯಾ? ನನ್ನ ಊಟದ ಹೊತ್ತಿನ ಮಾತು ಇದೇ. ಸೇವೆ ಎಂದು ನಾವು ಓದುವಲ್ಲಿ ಗ್ರೀಕ್ ಮೂಲದಲ್ಲಿರುವುದು ಗುಲಾಮನ ದುಡಿಮೆಯನ್ನು ಸೂಚಿಸುವ ಕ್ರಿಯಾಪದ. ತಂದೆಯ ಮನೆಯಲ್ಲೇ ಹುಟ್ಟಿ ಬೆಳೆದವನು ತನ್ನನ್ನು ಆಳೆಂದು ಎಣಿಸಿಕೊಂಡಿದ್ದನು.

ಕಿರಿಯವನ ಯೋಚನೆಯೂ ಬೇರೆಯಲ್ಲ ಎಂಬುದು ಇಷ್ಟು ಕಾಲ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಂದಿ ಮೇಯಿಸುತ್ತ ಹಸಿದು ಕುಳಿತಿದ್ದಾಗ ಅವನು ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡ ಮಾತಿನಲ್ಲಿ, ನನ್ನನ್ನು ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ ಎಂಬ ಬೇಡಿಕೆಯಿದೆ. ಆದರೆ ತಂದೆಯ ಎದುರು ನಿಂತು ಅದೇ ಮಾತನ್ನು ಒಪ್ಪಿಸುವಾಗ, 21ನೆಯ ವಚನದಲ್ಲಿ, ಆ ಬೇಡಿಕೆ ಬಾಯಿಗೆ ಬರುವುದೇ ಇಲ್ಲ. ಅಷ್ಟರಲ್ಲಿ ತಂದೆ ನಿಲುವಂಗಿಯನ್ನೂ ಉಂಗುರವನ್ನೂ ತರಲು ಹೇಳಿಯಾಗಿರುತ್ತದೆ. ಒಬ್ಬನು ಎಲ್ಲವನ್ನೂ ಹಾಳುಮಾಡಿ ಕೂಲಿಗೆ ಸೇರಲು ಬಂದನು, ಇನ್ನೊಬ್ಬನು ಒಂದು ತಪ್ಪೂ ಮಾಡದೆ ಕೂಲಿ ಬಾಕಿ ಕೇಳಿದನು. ತಂದೆ ಇಬ್ಬರ ಲೆಕ್ಕವನ್ನೂ ನೋಡುವುದಿಲ್ಲ. ಹಿರಿಯವನನ್ನು "ಕಂದಾ" ಎಂದು ಕರೆದು, ನನ್ನದೆಲ್ಲವೂ ನಿನ್ನದೇ ಎನ್ನುತ್ತಾನೆ.

ಪಾಪದಿಂದ ಸಿಗುವ ರಕ್ಷಣೆ ದೇವರ ಕೃಪೆಯಿಂದಲೇ, ನಮ್ಮ ಕ್ರಿಯೆಗಳಿಂದಲ್ಲ ಎಂಬ, ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ ವಚನಗಳನ್ನು ನಾನು ಬಾಯಿಪಾಠ ಹೇಳಬಲ್ಲೆ. ಆದರೂ ಅವು ಸತ್ತ ನಂತರದ ವಿಷಯಕ್ಕೆ ಸಂಬಂಧಿಸಿದವು ಎಂಬಂತೆ ಬದಿಗಿಟ್ಟು, ಬದುಕಿನ ಉಳಿದೆಲ್ಲ ದಿನಗಳನ್ನು ಮೇಲಧಿಕಾರಿಯ ಮೌಲ್ಯಮಾಪನಕ್ಕೂ ಮನೆಯವರ ಮೆಚ್ಚುಗೆಗೂ ಒಪ್ಪಿಸಿದ್ದೆ. ಹಾಗೆಂದು ನಾಳೆಯಿಂದ ಕೆಲಸವನ್ನು ಸಡಿಲಬಿಡುವ ಉದ್ದೇಶವಿಲ್ಲ. ನಾವು ಸತ್ಕ್ರಿಯೆಗಳಿಗಾಗಿ ಸೃಷ್ಟಿಸಲ್ಪಟ್ಟವರು ಎಂದು ಅದರ ಮುಂದಿನ ವಚನವೇ ಹೇಳುತ್ತದೆ. ಮಗನಾದ ಮೇಲೆ ಕೆಲಸ ಎಂದು ಅಲ್ಲಿದೆ, ನಾನು ಕೆಲಸ ಮಾಡಿ ಮಗನಾಗಲು ಹೊರಟಿದ್ದೆ.

ಇದಕ್ಕಿಂತ ನೋವಿನ ಸಂಗತಿಯೆಂದರೆ, ಅದೇ ತಕ್ಕಡಿಯಲ್ಲಿ ಮಗಳನ್ನೂ ತೂಗುತ್ತ ಬಂದಿದ್ದೇನೆ. ಅಂಕಪಟ್ಟಿ ಬಂದ ದಿನ ನನ್ನ ದನಿ ಹೇಗೆ ಬದಲಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು.

ಮಧ್ಯಾಹ್ನ ಅವಳ ಕೋಣೆಗೆ ಹೋಗಿ, ನಿನ್ನೆಯ ಮಾತಿಗೆ ಕ್ಷಮೆ ಕೇಳಿದೆ. ಅವಳು ಪುಸ್ತಕದಿಂದ ತಲೆಯೆತ್ತಿ, "ಬಡ್ತಿ ಸಿಗಲಿಲ್ವಾ ಅಪ್ಪಾ?" ಎಂದಳು. ಇಲ್ಲ ಎಂದೆ. ಅವಳು ಪಕ್ಕಕ್ಕೆ ಸರಿದು ಮಂಚದ ಮೇಲೆ ನನಗೆ ಜಾಗ ಮಾಡಿಕೊಟ್ಟಳು.